‘ಯುಐ’: ಭವಿಷ್ಯದ ಕಲ್ಪನೆ ಮತ್ತು ಪ್ರಜೆಯ ಸ್ಥಾನ

ಕನ್ನಡ ಚಲನಚಿತ್ರರಂಗದಲ್ಲಿ ವೈಜ್ಞಾನಿಕ ಕಲ್ಪನೆಯನ್ನು ರಾಜಕೀಯ ವಿಡಂಬನೆಗೆ ಬಳಸಿಕೊಂಡ ನಿದರ್ಶನಗಳು ವಿರಳ. ಉಪೇಂದ್ರ ನಿರ್ದೇಶಿಸಿ ನಟಿಸಿದ, 2024ರ ಡಿಸೆಂಬರ್ 20ರಂದು ತೆರೆಕಂಡ ‘ಯುಐ’ ಈ ದೃಷ್ಟಿಯಿಂದ ಗಮನಾರ್ಹ. ಬಿಡುಗಡೆಗೆ ಮುನ್ನ ಪ್ರಕಟವಾದ ಅದರ ದೃಶ್ಯತುಣುಕು 2040ರ ಜಗತ್ತನ್ನು ಕಲ್ಪಿಸುತ್ತದೆ. ಹವಾಮಾನ ವೈಪರೀತ್ಯ, ಯುದ್ಧ, ನಿರುದ್ಯೋಗಗಳಿಂದ ಜರ್ಜರಿತವಾದ ಜನ ಅನ್ನಕ್ಕಾಗಿ ಹಾತೊರೆಯುತ್ತಾರೆ. ಜಾತಿಯ ಗುರುತು ಮಾತ್ರ ಅವರ ಮೈಮೇಲೆ ಉಳಿದಿದೆ.

2017ರಲ್ಲಿ ‘ಪ್ರಜಾಕೀಯ’ ಎಂಬ ಪರಿಕಲ್ಪನೆಯನ್ನು ಮುಂದಿಟ್ಟ ನಿರ್ದೇಶಕರಿಗೆ ಪ್ರಜೆಯ ಎಚ್ಚರವೇ ಮುಖ್ಯ ಕಾಳಜಿ. ಆದರೆ ಚಿತ್ರದಲ್ಲಿ ಪ್ರಜೆ ಬಹುಮಟ್ಟಿಗೆ ಗುಂಪಾಗಿಯೇ ಕಾಣಿಸಿಕೊಳ್ಳುತ್ತಾನೆ. ವಿಡಂಬನೆಯ ಮೊನೆ ಅಧಿಕಾರಕ್ಕಿಂತ ಹೆಚ್ಚಾಗಿ ಜನರ ಮರುಳುತನದತ್ತ ತಿರುಗುತ್ತದೆ. ಇದು ಕೃತಿಯ ಶಕ್ತಿಯೂ ಹೌದು, ಮಿತಿಯೂ ಹೌದು.

ಈ ಮಿತಿಯನ್ನು ಅರಿಯಲು ತುಂಗಭದ್ರೆಯ ದಡದ ಕುಮಾರಪಟ್ಟಣದ ಇತಿಹಾಸ ನೆರವಾಗುತ್ತದೆ. ಅಲ್ಲಿಯ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯಿಂದಾದ ನದಿಮಾಲಿನ್ಯದ ವಿರುದ್ಧ 1980ರ ದಶಕದಲ್ಲಿ ಜನ ಸಂಘಟಿತರಾದರು. ಅದೇ ಕಾರ್ಖಾನೆ ಮತ್ತು ಸರ್ಕಾರದ ಸಹಭಾಗಿತ್ವದ ಕಂಪನಿಗೆ ಊರೊಟ್ಟಿನ ಭೂಮಿ ನೀಡಿದಾಗ, ಸಮಾಜ ಪರಿವರ್ತನ ಸಮುದಾಯದ ಮುಂದಾಳತ್ವದಲ್ಲಿ 1987ರ ನವೆಂಬರ್ 14ರಂದು ಹಾನಗಲ್ಲ ತಾಲೂಕಿನ ಕುಸನೂರಿನಲ್ಲಿ ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹ ನಡೆಯಿತು. ನೀಲಗಿರಿ ಸಸಿಗಳನ್ನು ಕಿತ್ತು, ಜನೋಪಯೋಗಿ ಗಿಡಗಳನ್ನು ನೆಡಲಾಯಿತು. 1991ರಲ್ಲಿ ಆ ಕಂಪನಿಯನ್ನು ಮುಚ್ಚುವ ತೀರ್ಮಾನವಾಯಿತು.

ಕೀಳುವುದರ ಜೊತೆಗೇ ನೆಡುವುದನ್ನೂ ಕಲಿತ ಇಂತಹ ಪ್ರಜೆಗೆ ‘ಯುಐ’ ಚಿತ್ರದ ಭವಿಷ್ಯದಲ್ಲಿ ಸ್ಥಾನ ದೊರೆತಿಲ್ಲ. ಕೇಡನ್ನು ಕಾಣಿಸುವ ಕಲ್ಪನೆ ಪ್ರತಿರೋಧದ ಅನುಭವವನ್ನೂ ಒಳಗೊಂಡಾಗ ಮಾತ್ರ ಕನ್ನಡದ ವೈಜ್ಞಾನಿಕ ಚಿತ್ರದ ರಾಜಕೀಯ ಪರಿಪೂರ್ಣವಾದೀತು.