ಆಳವೂ ಅಳತೆಯೂ: ‘ಸಬ್‌ನಾಟಿಕಾ’ ಆಟದ ಗುಣದೋಷ

ವಿಡಿಯೊ ಆಟವೊಂದಕ್ಕೆ ಸಾಹಿತ್ಯದ ಪುಟದಲ್ಲಿ ಏನು ಕೆಲಸ ಎಂದು ಕೇಳುವ ವಾಚಕರಿದ್ದಾರೆ. ಪ್ರಶ್ನೆ ನ್ಯಾಯವಾದುದೇ. ಆದರೆ ಸಿನಿಮಾ ಸಹ ಒಂದು ಕಾಲಕ್ಕೆ ಹೀಗೆಯೇ ಬಾಗಿಲ ಹೊರಗೆ ನಿಂತಿತ್ತು. ಕಥೆ ಹೇಳುವುದು, ಭಾವವನ್ನು ಎಬ್ಬಿಸುವುದು, ಇಲ್ಲದ ಲೋಕವೊಂದನ್ನು ಕಟ್ಟಿ ನಂಬಿಸುವುದು ಎಲ್ಲಿ ನಡೆದರೂ ಅಲ್ಲಿ ವಿಮರ್ಶಕನಿಗೆ ಕೆಲಸವುಂಟು. ನಮ್ಮ ವಿದ್ಯಾರ್ಥಿಗಳು ಕಾದಂಬರಿಗೆ ಕೊಡದ ಹೊತ್ತನ್ನು ಇಂಥ ಆಟಗಳಿಗೆ ಕೊಡುತ್ತಿರುವಾಗ, ಅವರಿಗೆ ಅಲ್ಲಿ ದೊರೆಯುವುದೇನೆಂದು ನೋಡದೆಯೇ ಮೂಗು ಮುರಿಯುವುದು ಅಧ್ಯಾಪಕನಿಗೆ ಒಪ್ಪುವಂಥದಲ್ಲ. ಈ ಕಾರಣದಿಂದ ‘ಸಬ್‌ನಾಟಿಕಾ’ವನ್ನು ರಜೆಯ ದಿನಗಳಲ್ಲಿ ಮೊದಲಿನಿಂದ ಕೊನೆಯವರೆಗೆ ಆಡಿ ನೋಡಿದೆ.

ಅಮೆರಿಕದ ‘ಅನ್‌ನೋನ್ ವರ್ಲ್ಡ್ಸ್’ ಸಂಸ್ಥೆಯವರ ಕೃತಿ ಇದು. 2014ರಲ್ಲಿ ಅಪೂರ್ಣ ರೂಪದಲ್ಲಿಯೇ ಆಟಗಾರರ ಕೈಗೆ ಬಂದು, ಅವರ ಅಭಿಪ್ರಾಯಗಳಿಂದ ತಿದ್ದಿಸಿಕೊಳ್ಳುತ್ತ, 2018ರ ಜನವರಿಯಲ್ಲಿ ಪೂರ್ಣಗೊಂಡಿತು. ಚಾರ್ಲಿ ಕ್ಲೀವ್‌ಲ್ಯಾಂಡ್ ಇದರ ನಿರ್ದೇಶಕರು. ಕಥೆ ಸರಳ. ‘ಅರೋರಾ’ ಎಂಬ ಆಕಾಶನೌಕೆ ನೀರೇ ತುಂಬಿದ ಗ್ರಹವೊಂದರ ಮೇಲೆ ಬಿದ್ದು ಒಡೆಯುತ್ತದೆ. ಬದುಕಿ ಉಳಿದವನು ಒಬ್ಬನೇ. ಆತನೇ ಆಟಗಾರ. ಸಣ್ಣದೊಂದು ತೇಲುವ ಕೋಶ, ಸಲಹೆ ಹೇಳುವ ಯಂತ್ರವೊಂದು, ಸುತ್ತಲೂ ಕಡಲು. ಅವನು ಮುಳುಗಬೇಕು, ತಿನ್ನಲು ಮೀನು ಹಿಡಿಯಬೇಕು, ಕುಡಿಯಲು ಸಿಹಿನೀರು ಮಾಡಿಕೊಳ್ಳಬೇಕು, ತಳದ ಲೋಹಗಳಿಂದ ಉಪಕರಣ ಕಟ್ಟಬೇಕು, ಇನ್ನೂ ಆಳಕ್ಕೆ ಇಳಿಯಬೇಕು.

ಈ ಕೃತಿಯ ಮೊದಲನೆಯ ಗುಣ ಅದರ ಅಳತೆಯಲ್ಲಿದೆ. ಪ್ರಾರಂಭದಲ್ಲಿ ಆಟಗಾರನ ಉಸಿರು ಕೇವಲ 45 ಸೆಕೆಂಡು. ಬೆನ್ನಿಗೆ ಬೆಂಡು ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆಳಗೆ ಹೊಳೆಯುವ ವಸ್ತು ಕಾಣುತ್ತದೆ. ಇನ್ನು ನಾಲ್ಕು ಮೊಳ ಇಳಿದರೆ ಕೈಗೆ ಸಿಕ್ಕೀತು. ಆದರೆ ಮರಳುವ ದಾರಿಗೂ ಉಸಿರು ಬೇಕು. ಆಸೆಗೂ ಪ್ರಾಣಕ್ಕೂ ನಡೆಯುವ ಈ ತಕರಾರನ್ನು ಆಟವು ಒಂದು ವಾಕ್ಯದ ವಿವರಣೆಯೂ ಇಲ್ಲದೆ ಅನುಭವಕ್ಕೆ ತರುತ್ತದೆ. ಜತೆಗೆ ಭೂಪಟವನ್ನೂ ಕೊಟ್ಟಿಲ್ಲ. ದಾರಿಯನ್ನು ನೆನಪಿನಿಂದಲೇ ಹಿಡಿಯಬೇಕು: ಕೆಂಪು ಹುಲ್ಲಿನ ದಿಬ್ಬ, ಪಾಚಿಯ ಕಾಡು, ಅದರಾಚೆಗಿನ ಕತ್ತಲು. ಹೀಗೆ ಕಡಲು ನಿಧಾನವಾಗಿ ನಮ್ಮ ಊರಿನ ಓಣಿಗಳಂತೆ ಪರಿಚಿತವಾಗುತ್ತದೆ.

ಎರಡನೆಯ ಗುಣ, ಭಯವನ್ನು ಕಟ್ಟುವ ರೀತಿ. ರನ್ನನ ದುರ್ಯೋಧನ ಜಲಮಂತ್ರದ ಬಲದಿಂದ ವೈಶಂಪಾಯನ ಸರೋವರದಲ್ಲಿ ಅಡಗಿದ್ದಾಗ, ದಡದ ಮೇಲಿನ ಭೀಮನ ಗರ್ಜನೆ ಕೇಳಿ ನೀರಿನಲ್ಲಿದ್ದೂ ಬೆವರಿದನೆಂಬುದು ಕನ್ನಡಿಗರೆಲ್ಲ ಬಲ್ಲ ಸಂಗತಿ. ಅಲ್ಲಿ ಅವನನ್ನು ಕಾಡಿದ್ದು ಕಣ್ಣಿಗೆ ಕಂಡದ್ದಲ್ಲ, ಕಿವಿಗೆ ಬಿದ್ದದ್ದು. ಈ ಆಟದವರಿಗೂ ಅದೇ ಗುಟ್ಟು ತಿಳಿದಿದೆ. ಒಡೆದ ನೌಕೆಯ ಸುತ್ತ ‘ರೀಪರ್’ ಎಂಬ ಮಹಾಪ್ರಾಣಿ ಸುಳಿಯುತ್ತದೆ. ಮಣ್ಣುಗೂಡಿದ ನೀರಿನಲ್ಲಿ ಅದು ಕಾಣುವ ಮೊದಲೇ ಅದರ ಕೂಗು ಬರುತ್ತದೆ. ಎಡಗಡೆಯಿಂದಲೋ ಬಲಗಡೆಯಿಂದಲೋ ತಿಳಿಯದು. ಆಟಗಾರನ ಅಂಗೈ ಬೆವರುತ್ತದೆ. ಅದ್ಭುತವೂ ಭಯಾನಕವೂ ಬೇರೆ ಬೇರೆ ರಸಗಳೆಂದು ನಾವು ತರಗತಿಯಲ್ಲಿ ಹೇಳುತ್ತೇವೆ. ಇಲ್ಲಿ ಅವು ಒಂದೇ ಗುಟುಕಿನಲ್ಲಿ ಬರುತ್ತವೆ.

ಮೂರನೆಯದು, ಕೋವಿಯ ಗೈರುಹಾಜರಿ. 2012ರ ಡಿಸೆಂಬರಿನಲ್ಲಿ ಅಮೆರಿಕದ ಸ್ಯಾಂಡಿ ಹುಕ್ ಶಾಲೆಯಲ್ಲಿ ಮಕ್ಕಳ ಹತ್ಯೆ ನಡೆದ ಮೇಲೆ ತಮ್ಮ ಆಟದಲ್ಲಿ ಕೋವಿಗಳನ್ನು ಇಡಲಾರೆನೆಂದು ಕ್ಲೀವ್‌ಲ್ಯಾಂಡ್ ನಿರ್ಧರಿಸಿದರು. ಆಟಗಾರನಲ್ಲಿ ಚಾಕು ಉಂಟು, ಪ್ರಾಣಿಗಳನ್ನು ಕ್ಷಣಕಾಲ ತಡೆದು ನಿಲ್ಲಿಸುವ ಸಾಧನವುಂಟು. ಗುಂಡು ಹಾರಿಸಿ ದಾರಿ ಮಾಡಿಕೊಳ್ಳುವ ಉಪಾಯ ಮಾತ್ರ ಇಲ್ಲ. ಪ್ರಾಣಿಯನ್ನು ಗೆಲ್ಲುವುದಕ್ಕಿಂತ ಅದರ ಹಾದಿ ತಪ್ಪಿಸಿ ಹೋಗುವುದೇ ಇಲ್ಲಿಯ ಜಾಣತನ. ಬರಿಯ ನೀತಿಯಾಗಿದ್ದರೆ ಇದನ್ನು ಹೊಗಳಬೇಕಾಗಿರಲಿಲ್ಲ. ಕಡಲು ಮನುಷ್ಯನಿಗಿಂತ ದೊಡ್ಡದು ಎಂಬ ಭಾವ ಇದರಿಂದಲೇ ಉಳಿಯುತ್ತದೆ. ನೀತಿಯೂ ಕಲೆಯೂ ಇಲ್ಲಿ ಒಂದಾಗಿವೆ.

ಇಷ್ಟು ಹೇಳಿದ ಮೇಲೆ ದೋಷಗಳಿಗೆ ಬರಬೇಕು. ಅವು ಸಣ್ಣವಲ್ಲ.

ಆಳ ಹೆಚ್ಚಿದಂತೆ ಅಳತೆ ತಪ್ಪುತ್ತದೆ. ದೊಡ್ಡ ಜಲಾಂತರ್ಗಾಮಿ ‘ಸೈಕ್ಲಾಪ್ಸ್’ ಕಟ್ಟಲು ಮೂರು ಲೋಹದ ಗಟ್ಟಿಗಳು ಬೇಕು. ಒಂದೊಂದು ಗಟ್ಟಿಗೆ ಹತ್ತು ಟೈಟೇನಿಯಂ ತುಂಡುಗಳು, ಎರಡು ಲಿಥಿಯಂ. ಮೇಲೆ ಗಾಜು, ಸೀಸ, ತಂತಿ, ಎಣ್ಣೆ. ಇವನ್ನು ಆಯ್ದು ತಂದು, ಪೆಟ್ಟಿಗೆಗಳಲ್ಲಿ ವಿಂಗಡಿಸಿ, ಮರೆತದ್ದಕ್ಕೆ ಮತ್ತೆ ಹೋಗಿ ಬರುವುದರಲ್ಲಿ ಸಂಜೆಗಳು ಕಳೆಯುತ್ತವೆ. ಮೊದಲು ಬೆರಗಿನಿಂದ ನೋಡಿದ ಹವಳದ ದಿಬ್ಬ ಈಗ ಉಗ್ರಾಣದ ಕಪಾಟು. ಯಾತ್ರಿಕನಾಗಿ ಹೊರಟವನು ಕೋಠಿಯ ಗುಮಾಸ್ತನಾಗುತ್ತಾನೆ. ಶ್ರಮ ಬೇಡವೆಂದು ನಾನು ಹೇಳುತ್ತಿಲ್ಲ. ಶ್ರಮಕ್ಕೆ ಹೊಸ ನೋಟವೊಂದು ಫಲವಾಗಿ ಬರುತ್ತಿರಬೇಕು. ಉತ್ತರಾರ್ಧದಲ್ಲಿ ಫಲಕ್ಕಿಂತ ಪಟ್ಟಿ ದೊಡ್ಡದಾಗಿದೆ.

ಎರಡನೆಯ ದೋಷ ಇನ್ನೂ ಒಳಗಿನದು. ಕಡಲ ತಳದಲ್ಲಿ ಹಿಂದೆ ಬಂದು ಸಿಕ್ಕಿಬಿದ್ದಿದ್ದ ‘ಡೆಗಾಸಿ’ ನೌಕೆಯವರ ಪಾಳುಮನೆಗಳಿವೆ. ಅವರ ಧ್ವನಿಮುದ್ರಣಗಳು ಅಲ್ಲಿ ದೊರೆಯುತ್ತವೆ: ಒಬ್ಬ ತಂದೆ, ಅವನ ಮಗ, ಅವರನ್ನು ಕಾಯಲು ಬಂದವಳು, ಅವರ ಜಗಳ, ಅವರ ಕೊನೆ. ಕೃತಿಯ ಅತ್ಯಂತ ಮಾನವೀಯ ಭಾಗ ಇದಾಗಬಹುದಿತ್ತು. ಆದರೆ ಮುಳುಗಿದ ಮನೆಗೆ ಹೊಕ್ಕ ಆಟಗಾರನು ಮಾಡುವ ಕೆಲಸವೇನು? ಅಲ್ಲಿಯ ಸಾಮಾನಿಗೆ ಯಂತ್ರ ಹಿಡಿದು ಅದನ್ನು ಕಟ್ಟುವ ನಕ್ಷೆ ಪಡೆಯುವುದು! ಸತ್ತವರ ಮನೆ ಇಲ್ಲಿ ನೆನಪಲ್ಲ, ಮಾದರಿ. ಧ್ವನಿ ಮುಗಿಯುವ ಮೊದಲೇ ಕಣ್ಣು ಮುಂದಿನ ಪೆಟ್ಟಿಗೆಯನ್ನು ಹುಡುಕುತ್ತಿರುತ್ತದೆ.

ನಮ್ಮ ಭಾಗದವರಿಗೆ ಇದು ಹೆಚ್ಚು ನೋಯುವುದಕ್ಕೆ ಕಾರಣವಿದೆ. ನಾನಿರುವ ಭೀಮರಾಯನಗುಡಿ ಕೃಷ್ಣಾ ಮೇಲ್ದಂಡೆ ಯೋಜನೆಯ ಕಾಲುವೆ ಕಚೇರಿಗಳಿರುವ ಊರು. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಯೋಜನೆ ಅದು. ನಾರಾಯಣಪುರದ ಬಸವಸಾಗರದಿಂದ ಬಂದ ನೀರು ಶಹಾಪುರ, ಸುರಪುರಗಳ ಒಣ ಹೊಲಗಳಲ್ಲಿ ಭತ್ತ ಬೆಳೆಯಿತು. ಅದೇ ಯೋಜನೆಗಾಗಿ ಮೇಲೆ ಆಲಮಟ್ಟಿಯಲ್ಲಿ ನಿಂತ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ಓಣಿಗಳು ಮುಳುಗಿದವು, ದಂಡೆಯ ಹಳ್ಳಿಗಳು ಮುಳುಗಿದವು. ‘ಮುಳುಗಡೆ’ ಎಂಬುದು ನಮ್ಮಲ್ಲಿ ಸರಕಾರಿ ಕಾಗದದ ಶಬ್ದವೂ ಹೌದು, ಮುದುಕರ ನಿಟ್ಟುಸಿರೂ ಹೌದು. ನೀರಿನ ಕೆಳಗೆ ಒಂದು ಹೊಸ್ತಿಲು ಇದೆಯೆಂದರೆ ಅದನ್ನು ಯಾರೋ ದಾಟಿದ್ದರು ಎಂದೇ ನಾವು ತಿಳಿಯುತ್ತೇವೆ. ಈ ಆಟ ನೀರಿನ ಭಯವನ್ನು ಬಲ್ಲದು, ಸೊಬಗನ್ನು ಬಲ್ಲದು. ನೀರು ನುಂಗಿದ್ದರ ದುಃಖವನ್ನು ಕಂಡೂ ಹಾದು ಹೋಗುತ್ತದೆ.

ಹಾಗೆಂದು ಕೃತಿಕಾರರಿಗೆ ಈ ಎಚ್ಚರವೇ ಇಲ್ಲವೆನ್ನಲಾಗದು. ಕಥೆಯ ತುದಿಯಲ್ಲಿ ಬಂಧನದಲ್ಲಿರುವ ಮಹಾಜೀವಿಯೊಂದು ಎದುರಾಗುತ್ತದೆ. ಅಷ್ಟು ಭಯದ ನಂತರ ಸಿಗುವ ಅದು ಹೆದರಿಸುವುದಿಲ್ಲ. ತನ್ನ ಮರಿಗಳು ಹೊರಗಿನ ಕಡಲನ್ನು ಕಾಣಲಿ ಎಂದು ಸಹಾಯ ಬೇಡುತ್ತದೆ. ಇಲ್ಲಿ ಆಟ ನಿಜವಾಗಿ ಆಳಕ್ಕೆ ಇಳಿದಿದೆ. ಇನ್ನು ಮನೆಗೆ ಹೊರಟ ನಾಯಕನಿಗೆ ಅವನ ಕಂಪನಿ ಹೇಳುವ ಕೊನೆಯ ಮಾತೆಂದರೆ, ಬಳಸಿದ ಸಾಮಗ್ರಿಗಾಗಿ ಒಂದು ಲಕ್ಷ ಕೋಟಿಯ ಬಾಕಿ ತೀರಿಸದೆ ಇಳಿಯಲು ಅನುಮತಿಯಿಲ್ಲ! ಕೂಡಿಹಾಕುವ ಚಟವನ್ನೇ ಹಾಸ್ಯ ಮಾಡುವ ಒಳ್ಳೆಯ ಚಾಟಿ ಇದು. ಆದರೆ ಹತ್ತಾರು ಗಂಟೆ ಆ ಚಟವನ್ನೇ ಉಣಿಸಿದ ಮೇಲೆ ಬಂದ ಈ ನಗೆಗೆ ಅರ್ಧ ಬಲ ಮಾತ್ರ.

2021ರಲ್ಲಿ ಬಂದ ಇದರ ಮುಂದಿನ ಭಾಗ ‘ಬಿಲೋ ಜೀರೊ’ದಲ್ಲಿ ನಾಯಕಿ ತನ್ನ ಸೋದರಿಯ ಸಾವಿನ ಸತ್ಯವನ್ನು ಹುಡುಕುತ್ತಾಳೆ. ದುಃಖಕ್ಕೆ ಅಲ್ಲಿ ಹೆಸರು ದೊರೆತಿದೆ. ಆದರೆ ಮಾತು ಹೆಚ್ಚಾಗಿ, ನೆಲದ ನಡಿಗೆ ಹೆಚ್ಚಾಗಿ, ಒಂಟಿತನ ಕರಗಿದೆ. ಮೊದಲಿನ ಮೌನದಲ್ಲಿ ಈ ದುಃಖ ಸೇರಿದ್ದರೆ ನಾವು ಒಂದು ಮಹಾಕೃತಿಯ ಮಾತನ್ನಾಡುತ್ತಿದ್ದೆವು.

ಒಟ್ಟಿನಲ್ಲಿ, ‘ಸಬ್‌ನಾಟಿಕಾ’ದ ಪೂರ್ವಾರ್ಧ ಅನುಭವಿಸಬೇಕಾದ ಕಾವ್ಯ, ಉತ್ತರಾರ್ಧ ಸಹಿಸಬೇಕಾದ ಲೆಕ್ಕ. ಮಕ್ಕಳು ಇದನ್ನು ಆಡುತ್ತಿದ್ದರೆ ತಂದೆತಾಯಿಗಳು ಗದರಿಸಿ ಎಬ್ಬಿಸುವ ಬದಲು ಒಂದು ಗಳಿಗೆ ಪಕ್ಕದಲ್ಲಿ ಕುಳಿತು ನೋಡಲಿ. ಆ ಪಾಳುಮನೆಗೆ ಬಂದಾಗ, ಇಲ್ಲಿ ಯಾರಿದ್ದರು ಎಂದು ಕೇಳಲಿ. ಆಟ ಕೇಳದೆ ಬಿಟ್ಟ ಪ್ರಶ್ನೆಯನ್ನು ನೋಡುವವರಾದರೂ ಕೇಳಬಹುದಲ್ಲವೆ?