ದತ್ತಾಂಶ ಮತ್ತು ಅದತ್ತಾದಾನ: ಹೊಸ ವಾಣಿಜ್ಯ ಕಾನೂನುಗಳ ಒಂದು ವಿಮರ್ಶೆ

ಶ್ರಾವಕನಿಗೆ ವಿಧಿಸಲಾದ ಐದು ಅಣುವ್ರತಗಳಲ್ಲಿ ಸತ್ಯ ಮತ್ತು ಅಚೌರ್ಯ ಎಂಬ ಎರಡು ವ್ರತಗಳು ವರ್ತಕನ ಅಂಗಡಿಯೊಳಕ್ಕೆ ನೇರವಾಗಿ ಪ್ರವೇಶಿಸುತ್ತವೆ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವನ್ನಾಗಲಿ, ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವನ್ನಾಗಲಿ ಓದಿದವರಿಗೆ ಈ ಮಾತು ಹೊಸದಲ್ಲ. ಈ ವ್ರತಗಳಿಗೆ ಹೇಳಿರುವ ಅತಿಚಾರಗಳಲ್ಲಿ ಹಲವು ವ್ಯವಹಾರದ ನಿತ್ಯಜೀವನಕ್ಕೆ ಸೇರಿದವು. ತೂಕ ಅಳತೆಗಳಲ್ಲಿ ಮೋಸ, ಒಳ್ಳೆಯ ಸರಕಿನಲ್ಲಿ ಅದನ್ನೇ ಹೋಲುವ ಕೀಳು ಸರಕಿನ ಬೆರಕೆ, ಸುಳ್ಳು ದಸ್ತಾವೇಜು, ಪರರ ಗುಟ್ಟನ್ನು ಬಯಲಿಗೆಳೆಯುವುದು, ನಂಬಿ ಇರಿಸಿದ ಠೇವಣಿಯ ಅಪಹಾರ ಇವೆಲ್ಲವೂ ಅಲ್ಲಿ ದೋಷಗಳೆಂದು ಪರಿಗಣಿತವಾಗಿವೆ. ಸ್ಥೂಲವಾಗಿ ನೋಡಿದರೆ ಇವು ಎರಡು ಬಗೆಯವು: ಹೇಳಬೇಕಾದುದನ್ನು ಮರೆಮಾಚುವುದು ಒಂದು, ಕಾಪಾಡಬೇಕಾದುದನ್ನು ಹೊರಹಾಕುವುದು ಇನ್ನೊಂದು.

ಭಾರತದಲ್ಲಿ ಕಳೆದ ಕೆಲವು ವರ್ಷಗಳಲ್ಲಿ ಜಾರಿಗೆ ಬಂದಿರುವ ವಾಣಿಜ್ಯ ಸಂಬಂಧವಾದ ಕಾನೂನುಗಳೂ ಇವೇ ಎರಡು ದಾರಿಗಳಲ್ಲಿ ನಡೆದಿವೆ. ಮೊದಲನೆಯದು ಜಾಹೀರಾತಿಗೆ ಸಂಬಂಧಿಸಿದ್ದು. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮ, ಅದರ ಅಡಿಯಲ್ಲಿ 2022ರಲ್ಲಿ ಬಂದ ದಾರಿತಪ್ಪಿಸುವ ಜಾಹೀರಾತುಗಳ ಮಾರ್ಗಸೂಚಿ, 2023ರಲ್ಲಿ ಬಂದ ವಂಚಕ ವಿನ್ಯಾಸಗಳ ಮಾರ್ಗಸೂಚಿ ಇವು ಆ ಸಾಲಿನವು. ಎರಡನೆಯದು ವ್ಯಕ್ತಿಗಳ ವಿವರಗಳ ರಕ್ಷಣೆಗೆ ಸಂಬಂಧಿಸಿದ್ದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ ಮತ್ತು 2025ರ ನವೆಂಬರ್ ತಿಂಗಳಲ್ಲಿ ಪ್ರಕಟವಾದ ಅದರ ನಿಯಮಗಳು ಈ ಸಾಲಿಗೆ ಸೇರುತ್ತವೆ. ಈ ಎರಡನ್ನೂ ಶ್ರಾವಕಾಚಾರದ ಅಳತೆಗೋಲಿನಿಂದ ಪರೀಕ್ಷಿಸಿದರೆ, ಮೊದಲನೆಯದರಲ್ಲಿ ಕಾನೂನು ವ್ರತದ ಸಮೀಪಕ್ಕೆ ಬಂದಿದೆಯೆಂದೂ ಎರಡನೆಯದರಲ್ಲಿ ಅರ್ಧದಾರಿಯಲ್ಲಿಯೇ ನಿಂತಿದೆಯೆಂದೂ ತಿಳಿಯುತ್ತದೆ.

ಜಾಹೀರಾತಿನ ವಿಷಯವನ್ನು ಮೊದಲು ನೋಡಬಹುದು. 2019ರ ಅಧಿನಿಯಮದ ಪ್ರಕಾರ ಸುಳ್ಳು ಹೇಳುವ ಜಾಹೀರಾತು ಮಾತ್ರವೇ ದೋಷಯುಕ್ತವಲ್ಲ. ಮುಖ್ಯವಾದ ಸಂಗತಿಯನ್ನು ಬೇಕೆಂದೇ ಮರೆಮಾಚಿದ ಜಾಹೀರಾತೂ ದಾರಿತಪ್ಪಿಸುವಂಥದೇ. ದೊಡ್ಡ ಅಕ್ಷರಗಳಲ್ಲಿ ಆಸೆ ಹುಟ್ಟಿಸಿ, ಷರತ್ತುಗಳನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರಗಳಲ್ಲಿ ಅಥವಾ ಬೇರೊಂದು ಭಾಷೆಯಲ್ಲಿ ಅಚ್ಚುಮಾಡುವ ಪದ್ಧತಿಯನ್ನು 2022ರ ಮಾರ್ಗಸೂಚಿ ತಡೆಯಿತು. ಜಾಹೀರಾತಿನ ಮುಖ್ಯ ಹೇಳಿಕೆ ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿ, ಅದೇ ಬಗೆಯ ಅಕ್ಷರಗಳಲ್ಲಿ ಇರಬೇಕೆಂದು ಅದು ವಿಧಿಸಿತು. ಪ್ರಚಾರ ನಿಷಿದ್ಧವಾದ ಸರಕನ್ನು ಬೇರೊಂದು ಸರಕಿನ ಮರೆಯಲ್ಲಿ ಪ್ರಚಾರಮಾಡುವುದನ್ನೂ ನಿಷೇಧಿಸಿತು. ಮದ್ಯ, ತಂಬಾಕುಗಳನ್ನು ವ್ಯಸನಗಳೆಂದು ತ್ಯಜಿಸಿದ ಸಮಾಜಕ್ಕೆ ಇದು ಸಮಾಧಾನದ ಸಂಗತಿ.

2023ರ ನವೆಂಬರ್ 30ರ ಮಾರ್ಗಸೂಚಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಡಾರ್ಕ್ ಪ್ಯಾಟರ್ನ್ ಎಂದು ಕರೆಯಲಾಗುವ ಹದಿಮೂರು ಬಗೆಯ ವಂಚಕ ವಿನ್ಯಾಸಗಳನ್ನು ಅದು ಹೆಸರಿಸಿತು. ಇನ್ನೆರಡೇ ಉಳಿದಿವೆ ಎಂದು ಸುಳ್ಳು ಅವಸರ ಹುಟ್ಟಿಸುವುದು, ಕೊಳ್ಳುವವನ ಬುಟ್ಟಿಗೆ ಅವನು ಕೇಳದ ವಸ್ತುವನ್ನು ಸೇರಿಸುವುದು, ಬೇಡವೆಂದವನಿಗೆ ನಾಚಿಕೆಯಾಗುವಂತೆ ಮಾತನ್ನು ಹೆಣೆಯುವುದು, ಚಂದಾ ಕಟ್ಟುವುದನ್ನು ಸುಲಭಮಾಡಿ ಬಿಡುವುದನ್ನು ದುಸ್ತರಗೊಳಿಸುವುದು ಇವು ಅವುಗಳಲ್ಲಿ ಕೆಲವು. ಇವುಗಳಲ್ಲಿ ಎಷ್ಟೋ ಸಂದರ್ಭಗಳಲ್ಲಿ ಗ್ರಾಹಕನು ಸ್ವಹಸ್ತದಿಂದಲೇ ಒಪ್ಪಿಗೆಯ ಗುಂಡಿಯನ್ನು ಒತ್ತಿರುತ್ತಾನೆ. ಆದರೂ ಆ ಒಪ್ಪಿಗೆಯನ್ನು ಹೇಗೆ ಪಡೆಯಲಾಯಿತು ಎಂಬುದನ್ನು ಕಾನೂನು ಇಲ್ಲಿ ಕೇಳುತ್ತದೆ. ಇದು ಬಹಳ ಮಹತ್ತ್ವದ ಪ್ರಶ್ನೆ.

ಆಹಾರದ ವಿಷಯದಲ್ಲಿಯೂ ಇಂಥದೇ ಒಂದು ಬೆಳವಣಿಗೆ ನಡೆದಿದೆ. ಪೊಟ್ಟಣದ ಮೇಲೆ ಕೇವಲ ಸಂಕೇತಸಂಖ್ಯೆಯಿಂದ ಸೂಚಿಸುವ ಪದಾರ್ಥಗಳ ಮೂಲ ಸಸ್ಯವೋ ಪ್ರಾಣಿಯೋ ಎಂಬುದು ಕೊಳ್ಳುವವನಿಗೆ ತಿಳಿಯುತ್ತಿರಲಿಲ್ಲ. ರುಚಿವರ್ಧಕವಾಗಿ ಬಳಸುವ ಇ-631 ಎಂಬ ಪದಾರ್ಥವನ್ನು ಮಾಂಸದಿಂದಲೂ ಮೀನಿನಿಂದಲೂ ತಯಾರಿಸಲಾಗುತ್ತದೆ. 2021ರ ಡಿಸೆಂಬರ್‌ನಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ಪ್ರತಿಯೊಂದು ಪದಾರ್ಥದ ಮೂಲವನ್ನೂ, ಅದರ ಪ್ರಮಾಣ ಎಷ್ಟೇ ಅಲ್ಪವಾಗಿರಲಿ, ತಿಳಿಸಬೇಕೆಂದು ಆದೇಶಿಸಿತು. ತಾನು ತಿನ್ನುವುದೇನೆಂದು ತಿಳಿಯುವ ಹಕ್ಕನ್ನು ಜೀವಿಸುವ ಹಕ್ಕಿಗೂ ಧರ್ಮಾಚರಣೆಯ ಹಕ್ಕಿಗೂ ಅದು ಸಂಬಂಧಿಸಿತು. ಅಹಿಂಸಾವ್ರತದ ಪಾಲನೆಗೆ ವರ್ತಕನ ಸತ್ಯವ್ರತವು ಆಧಾರವಾಗಿರಬೇಕೆಂಬ ತತ್ತ್ವವನ್ನು ನ್ಯಾಯಾಲಯವು ತನ್ನದೇ ಭಾಷೆಯಲ್ಲಿ ಒಪ್ಪಿದಂತಾಯಿತು.

ಕೊರತೆಗಳಿಲ್ಲವೆಂದಲ್ಲ. ದಾರಿತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷ ರೂಪಾಯಿಗಳವರೆಗೆ, ಮತ್ತೆ ಮಾಡಿದರೆ 50 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ಕೋಟಿಗಟ್ಟಲೆ ಹಣ ಸುರಿದು ಪ್ರಚಾರಮಾಡುವ ಸಂಸ್ಥೆಗೆ ಇಂಥ ದಂಡವು ಖರ್ಚಿನ ಬಾಬುಗಳಲ್ಲಿ ಇನ್ನೊಂದಾಗಿ ಸೇರಿಕೊಳ್ಳುವ ಅಪಾಯವಿದೆ. ಆದರೂ ಜಾಹೀರಾತಿನ ಕಾನೂನು ಕೇಳುವ ಪ್ರಶ್ನೆ ಸರಿಯಾದುದು. ಎದುರಿನವನ ಮನಸ್ಸಿನಲ್ಲಿ ಯಾವ ಭ್ರಮೆ ಹುಟ್ಟಿತು, ಅದನ್ನು ಹುಟ್ಟಿಸಿದವರು ಯಾರು ಎಂದು ಅದು ನೋಡುತ್ತದೆ.

ದತ್ತಾಂಶದ ಕಾನೂನಿನ ಕಡೆಗೆ ತಿರುಗಿದಾಗ ಈ ಸ್ಪಷ್ಟತೆ ಮಸುಕಾಗುತ್ತದೆ. ಕನ್ನಡದಲ್ಲಿ ಬಳಕೆಗೆ ಬಂದಿರುವ ‘ದತ್ತಾಂಶ’ ಎಂಬ ಶಬ್ದವೇ ವಿಚಾರಯೋಗ್ಯವಾದುದು. ದತ್ತವೆಂದರೆ ಕೊಟ್ಟದ್ದು. ಜೈನಾಗಮದಲ್ಲಿ ಕಳ್ಳತನಕ್ಕೆ ಹೇಳಿರುವ ಲಕ್ಷಣವೂ ಇದೇ ಶಬ್ದದ ಸುತ್ತ ನಿಂತಿದೆ: ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದು ಅದತ್ತಾದಾನ. ಆದ್ದರಿಂದ ಶ್ರಾವಕನು ಕೇಳಬೇಕಾದ ಪ್ರಶ್ನೆ ಸರಳವಾಗಿದೆ. ದತ್ತಾಂಶವೆಂದು ಕರೆಯಲಾಗುವ ಈ ವಿವರಗಳು ನಿಜವಾಗಿಯೂ ದತ್ತವೇ? ಎಷ್ಟರಮಟ್ಟಿಗೆ, ಯಾವ ಉದ್ದೇಶಕ್ಕಾಗಿ ದತ್ತ?

2023ರ ಅಧಿನಿಯಮವು ಈ ಪ್ರಶ್ನೆಗೆ ಸಮ್ಮತಿಯ ಮೂಲಕ ಉತ್ತರಿಸುತ್ತದೆ. ವಿವರಗಳನ್ನು ಪಡೆಯುವ ಮುನ್ನ ಸೂಚನಾಪತ್ರ ಕೊಡಬೇಕು. ಅದನ್ನು ಇಂಗ್ಲಿಷಿನಲ್ಲಾಗಲಿ, ಕನ್ನಡವೂ ಸೇರಿದಂತೆ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಾಗಲಿ ಓದುವ ಅವಕಾಶವಿರಬೇಕು. ಸಮ್ಮತಿಯು ಮುಕ್ತವೂ ನಿರ್ದಿಷ್ಟವೂ ತಿಳಿದು ಕೊಟ್ಟದ್ದೂ ಆಗಿರಬೇಕು. ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂದಕ್ಕೆ ಪಡೆಯುವಂತಿರಬೇಕು. ಉದ್ದೇಶ ಮುಗಿದ ಮೇಲೆ ವಿವರಗಳನ್ನು ಅಳಿಸಬೇಕು. ಹದಿನೆಂಟು ವರ್ಷ ತುಂಬದ ಮಕ್ಕಳ ವಿಷಯದಲ್ಲಿ ತಂದೆತಾಯಿಗಳ ಸಮ್ಮತಿಯನ್ನು ದೃಢಪಡಿಸಿಕೊಳ್ಳಬೇಕು. ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಅವರ ನಡವಳಿಕೆಯ ಜಾಡು ಹಿಡಿಯುವುದೂ ಅವರನ್ನೇ ಗುರಿಯಾಗಿಸಿ ಜಾಹೀರಾತು ತೋರಿಸುವುದೂ ನಿಷಿದ್ಧ. ರಕ್ಷಣೆಯಲ್ಲಿ ಲೋಪವೆಸಗಿದವರಿಗೆ 250 ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ಇವೆಲ್ಲವೂ ಸ್ವಾಗತಾರ್ಹವೆಂಬುದರಲ್ಲಿ ಸಂಶಯವಿಲ್ಲ.

ಆದರೆ ಸಮ್ಮತಿಯೊಂದೇ ಸಾಕೇ? ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ನ್ಯಾಸಾಪಹಾರವನ್ನು ವಿವರಿಸುವ ರೀತಿ ಇಲ್ಲಿ ದಾರಿದೀಪವಾಗುತ್ತದೆ. ಒಬ್ಬನು ಚಿನ್ನವನ್ನೋ ಹಣವನ್ನೋ ನಂಬಿ ಇನ್ನೊಬ್ಬನ ಬಳಿ ಇರಿಸಿದ್ದಾನೆ. ಮರಳಿ ಕೇಳುವ ವೇಳೆಗೆ ಎಷ್ಟು ಇರಿಸಿದ್ದೆನೆಂಬುದು ಅವನಿಗೆ ಮರೆತಿದೆ. ಇರಿಸಿದ್ದಕ್ಕಿಂತ ಕಡಿಮೆ ಕೇಳುತ್ತಾನೆ. ಇಟ್ಟುಕೊಂಡವನು ಹೌದೆಂದು ಒಪ್ಪಿ ಅಷ್ಟನ್ನೇ ಕೊಡುತ್ತಾನೆ. ಇಲ್ಲಿ ಬಲಾತ್ಕಾರವಿಲ್ಲ, ಕೇಳಿದ್ದನ್ನು ಕೊಡದೆ ಉಳಿಸಿಕೊಂಡದ್ದೂ ಇಲ್ಲ. ಕೇಳಿದವನು ಕೇಳಿದಷ್ಟನ್ನು ಪಡೆದು ತೃಪ್ತನಾಗಿಯೇ ಹೋಗಿದ್ದಾನೆ. ಆದರೂ ಇದು ಸತ್ಯವ್ರತದ ಅತಿಚಾರ. ಕೊಟ್ಟವನ ಮರೆವಿನಿಂದಲೂ ಅಜ್ಞಾನದಿಂದಲೂ ಲಾಭ ಪಡೆಯಬಾರದೆಂಬ ಹೊಣೆ ಇಟ್ಟುಕೊಂಡವನದು. ಕೊಟ್ಟವನ ಒಪ್ಪಿಗೆಯು ಆ ಹೊಣೆಯನ್ನು ಕಳಚಲಾರದು.

ಹಲವು ಪುಟಗಳ ಸೂಚನಾಪತ್ರವನ್ನು ಓದದೆ ಒಪ್ಪಿಗೆಯ ಗುಂಡಿಯನ್ನು ಒತ್ತುವ ಗ್ರಾಹಕನ ಸ್ಥಿತಿ ಆ ಮರೆಗುಳಿ ಠೇವಣಿದಾರನ ಸ್ಥಿತಿಯೇ. ತಾನು ಏನನ್ನು ಒಪ್ಪಿಸಿದೆನೆಂಬ ಲೆಕ್ಕ ಅವನಲ್ಲಿಲ್ಲ. ಪಡೆದವನಲ್ಲಿ ಪೈಸೆ ಪೈಸೆಯ ಲೆಕ್ಕವಿದೆ. ವಿಚಿತ್ರವೆಂದರೆ ಅಧಿನಿಯಮವು ಪಡೆದವನನ್ನು ಡಾಟಾ ಫಿಡ್ಯೂಷಿಯರಿ, ಎಂದರೆ ನಂಬಿಕೆಯಿಂದ ಇರಿಸಿಕೊಂಡವನು, ಎಂಬ ಹೆಸರಿನಿಂದಲೇ ಕರೆಯುತ್ತದೆ. ನ್ಯಾಸದ ಕಲ್ಪನೆ ಆ ಹೆಸರಿನಲ್ಲಿಯೇ ಇದೆ. ನ್ಯಾಯಮೂರ್ತಿ ಬಿ. ಎನ್. ಶ್ರೀಕೃಷ್ಣ ಅವರ ಅಧ್ಯಕ್ಷತೆಯ ಸಮಿತಿಯು 2018ರಲ್ಲಿ ಸಿದ್ಧಪಡಿಸಿದ ಕರಡಿನಲ್ಲಿ ಆ ಹೆಸರಿಗೆ ತಕ್ಕ ಕರ್ತವ್ಯವೂ ಇತ್ತು. ವಿವರಗಳನ್ನು ನ್ಯಾಯವಾಗಿಯೂ ಸಮಂಜಸವಾಗಿಯೂ, ಕೊಟ್ಟವನ ಖಾಸಗಿತನವನ್ನು ಗೌರವಿಸಿಯೂ ಬಳಸಬೇಕೆಂದು ಅದು ಪ್ರತ್ಯೇಕ ಕಲಮಿನಲ್ಲಿ ವಿಧಿಸಿತ್ತು. 2023ರ ಅಧಿನಿಯಮದಲ್ಲಿ ಹೆಸರು ಉಳಿಯಿತು, ಆ ಕಲಮು ಹೋಯಿತು. ಅದರ ಸ್ಥಾನದಲ್ಲಿ ‘ಕಾನೂನುಬದ್ಧ ಉದ್ದೇಶ’ ಎಂಬ ಮಾತು ಬಂದಿತು. ಕಾನೂನು ಸ್ಪಷ್ಟವಾಗಿ ನಿಷೇಧಿಸದ ಯಾವ ಉದ್ದೇಶವಾದರೂ ಕಾನೂನುಬದ್ಧವೇ ಎಂದು ಅದರ ಅರ್ಥವನ್ನು ಹೇಳಲಾಗಿದೆ. ನಿಷೇಧವಿಲ್ಲದ್ದೆಲ್ಲ ಯೋಗ್ಯವೆಂಬುದು ಶ್ರಾವಕಾಚಾರಕ್ಕೆ ಒಪ್ಪದ ತರ್ಕ.

ಇನ್ನೊಂದು ಬದಲಾವಣೆ ಅಲ್ಪಸಂಖ್ಯಾತ ಸಮಾಜಕ್ಕೆ ವಿಶೇಷವಾಗಿ ಸಂಬಂಧಿಸಿದೆ. 2018ರ ಕರಡು ಧರ್ಮ, ಜಾತಿ, ಆರೋಗ್ಯ, ಹಣಕಾಸು ಮೊದಲಾದ ವಿವರಗಳನ್ನು ಸೂಕ್ಷ್ಮ ವಿವರಗಳೆಂದು ಬೇರೆಯಾಗಿ ಗುರುತಿಸಿ ಹೆಚ್ಚಿನ ರಕ್ಷಣೆ ಕೊಟ್ಟಿತ್ತು. 2023ರ ಅಧಿನಿಯಮದಲ್ಲಿ ಆ ವರ್ಗೀಕರಣವಿಲ್ಲ. ವ್ಯಕ್ತಿಯೊಬ್ಬನು ಬಸದಿಗೆ ಸಲ್ಲಿಸಿದ ಕಾಣಿಕೆಯ ವಿವರವೂ ಅಂಗಡಿಯಲ್ಲಿ ಕೊಂಡ ಬಟ್ಟೆಯ ವಿವರವೂ ಅಲ್ಲಿ ಒಂದೇ ಸಾಲಿನಲ್ಲಿವೆ. ಸತ್ಯವ್ರತದ ಅತಿಚಾರಗಳಲ್ಲಿ ಸಾಕಾರಮಂತ್ರಭೇದ ಎಂಬುದೊಂದಿದೆ: ಪರರ ಮುಖಭಾವ, ಹುಬ್ಬಿನ ಚಲನೆ, ಸಂದರ್ಭಗಳಿಂದ ಅವರ ಮನದ ಇಂಗಿತವನ್ನು ಅರಿತು ಹೊರಗೆಡಹುವುದು. ಯಾವ ಪುಟದ ಮೇಲೆ ಎಷ್ಟು ಹೊತ್ತು ನಿಂತನೆಂಬುದರಿಂದ ಒಬ್ಬನ ರೋಗವನ್ನೂ ಸಾಲವನ್ನೂ ಶ್ರದ್ಧೆಯನ್ನೂ ಊಹಿಸಿ, ಆ ಊಹೆಯನ್ನು ಜಾಹೀರಾತುದಾರರಿಗೆ ಮಾರುವ ವ್ಯವಹಾರ ಇದರ ಯಂತ್ರರೂಪವಲ್ಲದೆ ಮತ್ತೇನು? ಮಕ್ಕಳ ವಿಷಯದಲ್ಲಿ ಇದು ಸಲ್ಲದೆಂದು ಒಪ್ಪಿದ ಅಧಿನಿಯಮ ಹಿರಿಯರ ವಿಷಯದಲ್ಲಿ ಅಂಥ ನೇರ ನಿಷೇಧವನ್ನು ಹಾಕಿಲ್ಲ.

ಪರಿಹಾರದ ವಿಷಯದಲ್ಲಿಯೂ ಲೋಪವಿದೆ. 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮದ 43ಎ ಕಲಮು, ಸೂಕ್ಷ್ಮ ವಿವರಗಳ ರಕ್ಷಣೆಯಲ್ಲಿ ಕಂಪೆನಿಗಳು ತೋರಿದ ನಿರ್ಲಕ್ಷ್ಯದಿಂದ ನಷ್ಟಕ್ಕೊಳಗಾದವನಿಗೆ ಪರಿಹಾರ ಕೊಡಿಸುತ್ತಿತ್ತು. ಆ ಕಲಮನ್ನು ತೆಗೆದುಹಾಕುವ ಏರ್ಪಾಟನ್ನು 2023ರ ಅಧಿನಿಯಮ ಮಾಡಿತು. ಹೊಸ ವ್ಯವಸ್ಥೆಯಲ್ಲಿ ದಂಡದ ಹಣವೆಲ್ಲ ಭಾರತದ ಸಂಚಿತ ನಿಧಿಗೆ ಸೇರುತ್ತದೆ; ನೊಂದವನ ಕೈಗೆ ಏನೂ ಬರುವುದಿಲ್ಲ. ಬದಲಾಗಿ ಸುಳ್ಳು ದೂರು ಕೊಟ್ಟರೆ ಅವನೇ 10 ಸಾವಿರ ರೂಪಾಯಿಗಳವರೆಗೆ ದಂಡ ತೆರಬೇಕಾದೀತು. ಸರ್ಕಾರದ ಅಂಗಸಂಸ್ಥೆಗಳಿಗೆ ದೇಶದ ಭದ್ರತೆ, ಸಾರ್ವಜನಿಕ ಶಾಂತಿ ಮೊದಲಾದ ಕಾರಣಗಳಿಂದ ವಿನಾಯಿತಿ ಕೊಡುವ ಅಧಿಕಾರವೂ ವಿಶಾಲವಾಗಿದೆ. ನ್ಯಾಸವನ್ನು ಅಪಹರಿಸಿದವನಿಂದ ರಾಜನು ದಂಡ ವಸೂಲುಮಾಡಿದನೆಂದಮಾತ್ರಕ್ಕೆ ನ್ಯಾಸವಿರಿಸಿದವನ ನಷ್ಟ ತುಂಬುವುದಿಲ್ಲ.

ಕಾನೂನನ್ನು ವ್ರತದೊಡನೆ ಹೋಲಿಸುವುದೇ ಸರಿಯಲ್ಲವೆಂಬ ಆಕ್ಷೇಪ ಬರಬಹುದು. ವ್ರತವು ಸ್ವೇಚ್ಛೆಯಿಂದ ಸ್ವೀಕೃತವಾದುದು, ಅಂತರಂಗದ ಪ್ರಮಾದವನ್ನೂ ಪರಿಗಣಿಸುವಂಥದು. ಕಾನೂನು ಹೊರಗಿನ ಕ್ರಿಯೆಯನ್ನು ಮಾತ್ರ ನಿಯಂತ್ರಿಸಬಲ್ಲದು. ಈ ಆಕ್ಷೇಪದಲ್ಲಿ ಸತ್ಯಾಂಶವಿದೆ. ಆದರೆ ಜಾಹೀರಾತಿನ ಕಾನೂನು ಗ್ರಾಹಕನ ಒಪ್ಪಿಗೆಯನ್ನು ದಾಟಿ ವರ್ತಕನ ಕಪಟವನ್ನು ನೋಡಬಲ್ಲುದಾದರೆ ದತ್ತಾಂಶದ ಕಾನೂನಿಗೂ ಅದು ಅಸಾಧ್ಯವಲ್ಲ. 2018ರ ಕರಡು ಅದು ಸಾಧ್ಯವೆಂದೇ ತೋರಿಸಿತ್ತು.

ಈ ವಿಮರ್ಶೆಯು ಶಾಸನಸಭೆಯ ಕಡೆಗೆ ಬೆರಳು ತೋರಿಸಿ ಮುಗಿಯತಕ್ಕದ್ದಲ್ಲ. ಬಸದಿಗಳ ಟ್ರಸ್ಟುಗಳೂ ಸಮಾಜದ ಸಂಸ್ಥೆಗಳೂ ಸ್ವತಃ ಅಪಾರವಾದ ನ್ಯಾಸವನ್ನು ಹೊತ್ತಿವೆ. ಪೂಜೆ ಸೇವೆಗಳ ಪಟ್ಟಿ, ದಾನಿಗಳ ಹೆಸರು ಮತ್ತು ಮೊತ್ತ, ವಿದ್ಯಾರ್ಥಿವೇತನದ ಅರ್ಜಿಯೊಡನೆ ಬಂದ ಆದಾಯಪತ್ರ ಹಾಗೂ ಆಧಾರ್ ಪ್ರತಿ, ವಸತಿಗೃಹದಲ್ಲಿ ತಂಗಿದ ಯಾತ್ರಿಕರ ಗುರುತಿನ ಚೀಟಿ, ವಧೂವರರ ಜಾತಕ, ವಯಸ್ಸು, ಸಂಬಳ, ಭಾವಚಿತ್ರ ಎಲ್ಲವೂ ಅವುಗಳ ವಶದಲ್ಲಿರುತ್ತವೆ. ಧಾರ್ಮಿಕ ಸಂಸ್ಥೆಯೆಂಬ ಕಾರಣಕ್ಕೆ ಅಧಿನಿಯಮದಲ್ಲಿ ವಿನಾಯಿತಿಯಿಲ್ಲ. ಕಾಗದದ ಮೇಲೆ ಬರೆದುಕೊಂಡು ಅನಂತರ ಕಂಪ್ಯೂಟರಿಗೆ ಏರಿಸಿದ ವಿವರಕ್ಕೂ ಅದು ಅನ್ವಯಿಸುತ್ತದೆ. ಕಾಗದದಲ್ಲಿಯೇ ಉಳಿದ ದಫ್ತರವು ಅದರ ವ್ಯಾಪ್ತಿಯ ಹೊರಗೆ ನಿಲ್ಲುತ್ತದೆ. ವ್ರತದ ವ್ಯಾಪ್ತಿಯ ಹೊರಗೆ ನಿಲ್ಲುವುದಿಲ್ಲ.

ಸಂಬಂಧ ಕೂಡಿಸಲೆಂದು ಕೊಟ್ಟ ಕನ್ಯೆಯ ವಿವರಗಳು ಸಮಾಜದ ವಾಟ್ಸಾಪ್ ಗುಂಪಿನಿಂದ ಗುಂಪಿಗೆ ಹರಿದಾಡಿದರೆ, ಮದುವೆಯಾಗಿ ವರ್ಷಗಳು ಕಳೆದ ಮೇಲೂ ಉಳಿದುಕೊಂಡರೆ, ಅದಕ್ಕೆ ಯಾರು ಹೊಣೆ? ಸಮಾಜದ ಪರಿಚಯ ಪುಸ್ತಿಕೆಯ ದೂರವಾಣಿ ಸಂಖ್ಯೆಗಳನ್ನು ಜಾಹೀರಾತು ಕೊಟ್ಟ ವರ್ತಕನಿಗೆ ಉಪಕಾರವೆಂದು ಒಪ್ಪಿಸುವುದು ದಾನವೋ ಅದತ್ತಾದಾನವೋ? ಗುಪ್ತದಾನ ಮಾಡಿದವರ ಹೆಸರನ್ನು ಕಾರ್ಯಕರ್ತರು ಸಂತೋಷದ ಭರದಲ್ಲಿ ಹೇಳಿಬಿಡುವುದೂ ಗುಟ್ಟನ್ನು ಬಯಲುಮಾಡಿದಂತೆಯೇ. ಇವುಗಳ ಹಿಂದೆ ದುರುದ್ದೇಶ ಇಲ್ಲದಿರಬಹುದು. ಪ್ರಮಾದವಂತೂ ಇದೆ, ಪ್ರಮಾದವೇ ಹಿಂಸೆಯ ಮೂಲವೆಂದು ಆಚಾರ್ಯರು ತಿಳಿಸಿದ್ದಾರೆ.

2025ರ ನಿಯಮಗಳು ಪ್ರಕಟವಾದಾಗ ಮುಖ್ಯ ಕರ್ತವ್ಯಗಳ ಪಾಲನೆಗೆ 18 ತಿಂಗಳ ಕಾಲಾವಕಾಶವನ್ನು ಕೊಡಲಾಯಿತು. ವ್ರತಕ್ಕೆ ಅಂಥ ಕಾಲಾವಕಾಶ ಬೇಕಿಲ್ಲ. ಯಾವ ಕಾರ್ಯಕ್ಕೆ ಎಷ್ಟು ವಿವರ ಅವಶ್ಯವೋ ಅಷ್ಟನ್ನೇ ಕೇಳುವುದು, ಅದು ಯಾರ ಕೈಯಲ್ಲಿರುತ್ತದೆಂದು ಕನ್ನಡದಲ್ಲಿ ಒಂದೇ ಪುಟದಲ್ಲಿ ತಿಳಿಸುವುದು, ಕಾರ್ಯ ಮುಗಿದೊಡನೆ ಅಳಿಸುವುದು, ಕೊಟ್ಟವರು ಮರೆತದ್ದನ್ನೂ ತಾನು ನೆನಪಿಟ್ಟು ಮರಳಿಸುವುದು ಇವು ಯಾವ ಟ್ರಸ್ಟಿಗೂ ಕಷ್ಟಸಾಧ್ಯವಲ್ಲ. ಸಂಗ್ರಹಕ್ಕೆ ಮಿತಿ ಹಾಕಿಕೊಳ್ಳುವುದು ಪರಿಗ್ರಹ ಪರಿಮಾಣವ್ರತದ ಸಾರವೂ ಹೌದು. ವಾರ್ಷಿಕ ಸಭೆಯಲ್ಲಿ ಬೆಳ್ಳಿ ಬಂಗಾರದ ಲೆಕ್ಕವನ್ನು ಒಪ್ಪಿಸುವ ಟ್ರಸ್ಟುಗಳು, ಜನರು ನಂಬಿ ಕೊಟ್ಟ ವಿವರಗಳ ಲೆಕ್ಕವನ್ನೂ ಅದೇ ಸಭೆಯಲ್ಲಿ ಒಪ್ಪಿಸುವ ಪದ್ಧತಿಯನ್ನು ಆರಂಭಿಸುವುದು ಉಚಿತ.