ಮಿರೋವ್ಸ್ಕಿ–ಲೌನ್ ವಿವಾದ : ಒಂದು ಪುನರ್ವಿಮರ್ಶೆ

ವಿಜ್ಞಾನದ ಚರಿತ್ರೆಯನ್ನು ಬರೆಯುವವರಿಗೆ ಎರಡು ಪಾತ್ರಗಳು ಬಹಳ ಪ್ರಿಯವಾದುವು. ಯಾರೂ ನಂಬದಿದ್ದರೂ ಹಿಡಿದ ಕೆಲಸವನ್ನು ಬಿಡದ ಸಾಧಕನು ಒಬ್ಬ. ಪಾಂಡಿತ್ಯದ ಗರ್ವದಿಂದ ಆತನನ್ನು ತಡೆಯಹೊರಟ ಹಿರಿಯನು ಇನ್ನೊಬ್ಬ. ಕಥೆಯು ಬರೆಯಲ್ಪಡುವುದು ಸಾಧಕನು ಗೆದ್ದ ಮೇಲೆ. ಆದುದರಿಂದ ಹಿರಿಯನು ನಿಜವಾಗಿ ಹೇಳಿದ್ದೇನು ಎಂಬುದನ್ನು ಯಾರೂ ಮತ್ತೆ ತೆರೆದು ನೋಡುವುದಿಲ್ಲ. ಎದೆಯೊಳಗೆ ಅಳವಡಿಸುವ ಸ್ವಯಂಚಾಲಿತ ಡಿಫಿಬ್ರಿಲೇಟರ್ ಯಂತ್ರದ ಚರಿತ್ರೆಯು ಈ ಮಾದರಿಗೆ ಚೆನ್ನಾಗಿ ಹೊಂದುತ್ತದೆ. ನಾವೂ ಕೆಲವು ವರ್ಷಗಳ ಕಾಲ ತರಗತಿಯಲ್ಲಿ ಅದನ್ನು ಹಾಗೆಯೇ ಹೇಳುತ್ತ ಬಂದೆವು. ಹಾಗೆ ಹೇಳಿದ್ದು ಸರಿಯಲ್ಲವೆಂದು ಈಗ ನಮಗೆ ತೋರುತ್ತದೆ. ನಾವು ವೈದ್ಯರಲ್ಲ, ಚಿಕಿತ್ಸೆಯ ವಿಷಯದಲ್ಲಿ ತೀರ್ಪು ಕೊಡುವ ಅಧಿಕಾರ ನಮಗಿಲ್ಲ. ಪ್ರಕಟವಾದ ವರದಿಗಳನ್ನು ಶಾಸನಗಳನ್ನೋ ಕಡತಗಳನ್ನೋ ಓದುವಂತೆ ಓದಿ, ಅವು ಏನನ್ನು ಸಾಧಿಸುತ್ತವೆ, ಏನನ್ನು ಸಾಧಿಸುವುದಿಲ್ಲ ಎಂದು ಪರಿಶೀಲಿಸುವುದಷ್ಟೇ ಇಲ್ಲಿಯ ಉದ್ದೇಶ.

ಯಂತ್ರದ ಕೆಲಸವನ್ನು ಮೊದಲು ಸ್ಥೂಲವಾಗಿ ಹೇಳಬೇಕು. ಹೃದಯದ ಕೆಳಗಿನ ಎರಡು ಕೋಣೆಗಳು, ಎಂದರೆ ಹೃತ್ಕುಕ್ಷಿಗಳು, ಕ್ರಮವಾಗಿ ಸಂಕೋಚಗೊಂಡು ರಕ್ತವನ್ನು ತಳ್ಳುತ್ತವೆ. ಲಯ ತಪ್ಪಿ ಅವುಗಳ ಸ್ನಾಯುವಿನ ಎಳೆಗಳು ತಮ್ಮ ತಮ್ಮ ಪಾಡಿಗೆ ಅದಿರತೊಡಗಿದರೆ ರಕ್ತದ ಚಲನೆ ನಿಲ್ಲುತ್ತದೆ. ಕೆಲವು ಸೆಕೆಂಡುಗಳಲ್ಲಿ ಎಚ್ಚರ ತಪ್ಪುತ್ತದೆ, ಕೆಲವು ನಿಮಿಷಗಳಲ್ಲಿ ಪ್ರಾಣ ಹೋಗುತ್ತದೆ. ವಿದ್ಯುತ್ತಿನ ಬಲವಾದ ಒಂದು ಆಘಾತವನ್ನು ಕೊಟ್ಟರೆ ಅದಿರಾಟ ನಿಂತು ಲಯವು ಮರಳಬಹುದು. ಏಕಮುಖ ವಿದ್ಯುತ್ತಿನ ಆಘಾತವನ್ನು ಎದೆಯ ಹೊರಗಿನಿಂದ ಕೊಡುವ ವಿಧಾನವನ್ನು ೧೯೬೨ರಲ್ಲಿ ಬೆಳಕಿಗೆ ತಂದವರಲ್ಲಿ ಬೋಸ್ಟನ್ನಿನ ಬರ್ನಾರ್ಡ್ ಲೌನ್ ಪ್ರಮುಖರು. ಮಂದಗತಿಯ ಹೃದಯವನ್ನು ಮಿಡಿಸುವ ಪೇಸ್‌ಮೇಕರ್ ಬೇರೆಯೇ ಯಂತ್ರ. ಅದನ್ನು ೧೯೫೮ರಲ್ಲಿಯೇ ಸ್ವೀಡನ್ನಿನಲ್ಲಿ ರೋಗಿಯೊಬ್ಬನ ದೇಹದೊಳಗೆ ಇಟ್ಟಿದ್ದರು. ಆಘಾತ ಕೊಡುವ ಯಂತ್ರವನ್ನೂ ಹಾಗೆಯೇ ಒಳಗಿಡಬೇಕೆಂದು ಪಟ್ಟು ಹಿಡಿದವರು ಮಿಷೆಲ್ ಮಿರೋವ್ಸ್ಕಿ.

ಮಿರೋವ್ಸ್ಕಿಯವರ ಬಾಳು ಯಾವ ಕಾದಂಬರಿಗೂ ಕಡಮೆಯಾದುದಲ್ಲ. ೧೯೨೪ರಲ್ಲಿ ವಾರ್ಸಾದ ಯೆಹೂದಿ ಮನೆತನದಲ್ಲಿ ಹುಟ್ಟಿದ ಅವರು ೧೯೩೯ರಲ್ಲಿ ಜರ್ಮನರ ಆಕ್ರಮಣವಾದಾಗ ಊರು ಬಿಟ್ಟು ಪೂರ್ವಕ್ಕೆ ಓಡಿದರು. ಹಿಂದೆ ಉಳಿದ ಅವರ ಮನೆಯವರು ಯುದ್ಧದಲ್ಲಿ ನಾಶವಾದರು. ಯುದ್ಧಾನಂತರ ಫ್ರಾನ್ಸಿನ ಲಿಯೋನ್ ನಗರದಲ್ಲಿ ವೈದ್ಯವನ್ನು ಓದಿ ಇಸ್ರೇಲಿನಲ್ಲಿ ವೃತ್ತಿಯನ್ನು ಹಿಡಿದರು. ಅಲ್ಲಿ ಅವರಿಗೆ ಗುರುಸ್ಥಾನದಲ್ಲಿದ್ದವರು ಹ್ಯಾರಿ ಹೆಲ್ಲರ್. ಹೆಲ್ಲರ್ ಅವರಿಗೆ ಹೃತ್ಕುಕ್ಷಿಯ ಲಯದೋಷ ಮೇಲಿಂದ ಮೇಲೆ ಕಾಣಿಸಿಕೊಂಡು, ೧೯೬೬ರಲ್ಲಿ ಅದರಿಂದಲೇ ಅವರು ತೀರಿಹೋದರು. ಇಂಥ ರೋಗಿಯನ್ನು ಬದುಕಿರುವ ತನಕ ಆಸ್ಪತ್ರೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಆಘಾತದ ಯಂತ್ರವನ್ನು ಹೊತ್ತ ವೈದ್ಯನೊಬ್ಬನು ಹಗಲಿರುಳೂ ಅವನ ಬೆನ್ನ ಹಿಂದೆ ತಿರುಗುವಂತೆಯೂ ಇಲ್ಲ. ಈ ಇಕ್ಕಟ್ಟಿನಲ್ಲಿಯೇ ಮಿರೋವ್ಸ್ಕಿಯವರ ಕಲ್ಪನೆ ಹುಟ್ಟಿತು. ೧೯೬೮ರಲ್ಲಿ ಅವರು ಅಮೆರಿಕದ ಬಾಲ್ಟಿಮೋರಿನ ಸೈನೈ ಆಸ್ಪತ್ರೆಗೆ ಬಂದರು. ಅಲ್ಲಿ ಮಾರ್ಟನ್ ಮೋವರ್ ಅವರ ಜೊತೆಗೂಡಿ ನಾಯಿಗಳ ಮೇಲೆ ಪ್ರಯೋಗಗಳನ್ನು ನಡೆಸಿ ೧೯೭೦ರಲ್ಲಿ ಮೊದಲ ವರದಿಯನ್ನು ಪ್ರಕಟಿಸಿದರು.

ಎರಡು ವರ್ಷಗಳ ತರುವಾಯ ಲೌನ್ ಅವರು ಸಹಲೇಖಕರೊಬ್ಬರೊಡನೆ ‘ಸರ್ಕ್ಯುಲೇಷನ್’ ಪತ್ರಿಕೆಯಲ್ಲಿ ಈ ಯೋಜನೆಯನ್ನು ಖಂಡಿಸಿ ಸಂಪಾದಕೀಯವನ್ನು ಬರೆದರು. ವಿಜಯಕಥೆಯಲ್ಲಿ ಈ ಸಂಪಾದಕೀಯಕ್ಕೆ ದೊರೆತಿರುವ ಸ್ಥಾನ ಒಂದೇ ವಾಕ್ಯದ್ದು: ಯಂತ್ರವು ಅಪೂರ್ಣವಾದ ಪರಿಹಾರ, ತನಗೆ ಒಪ್ಪುವ ಪ್ರಯೋಜನವನ್ನು ಅದು ಇನ್ನೂ ಹುಡುಕುತ್ತಿದೆ ಎಂಬರ್ಥದ ಕಟುವಾಕ್ಯ. ಅದನ್ನು ಉದ್ಧರಿಸಿ, ಇಂಥ ಮಾತನ್ನಾಡಿದವರನ್ನು ಕಾಲವು ಸುಳ್ಳಾಗಿಸಿತೆಂದು ಮುಗಿಸುವುದು ವಾಡಿಕೆ. ಅದರ ಬೆನ್ನಿಗೇ ನಾಯಿಯ ಚಲಚ್ಚಿತ್ರದ ಪ್ರಸಂಗವು ಬರುತ್ತದೆ. ೧೯೭೫ರಲ್ಲಿ ಯಂತ್ರವನ್ನು ಅಳವಡಿಸಿದ ನಾಯಿಯೊಂದರ ಹೃದಯವನ್ನು ಬೇಕೆಂದೇ ಅದಿರಿಸಿ ಚಿತ್ರ ತೆಗೆದರು. ನಾಯಿ ಕುಸಿದು ಬೀಳುತ್ತದೆ. ಒಳಗಿನ ಯಂತ್ರವು ತಾನಾಗಿ ಆಘಾತವನ್ನು ಕೊಡುತ್ತದೆ. ನಾಯಿ ಎದ್ದು ಬಾಲವಾಡಿಸುತ್ತದೆ. ನಾಯಿಗೆ ಬೀಳುವುದನ್ನು ಕಲಿಸಿರಬಹುದು ಎಂದು ಸಂದೇಹಿಸಿದವರೂ ಇದ್ದರಂತೆ. ಮುಂದೆ ಹೃದಯದ ವಿದ್ಯುಲ್ಲೇಖವೂ ಜೊತೆಯಲ್ಲಿ ಕಾಣುವಂತೆ ಚಿತ್ರವನ್ನು ಮತ್ತೆ ತೆಗೆಯಬೇಕಾಯಿತು.

ತರಗತಿಯಲ್ಲಿ ಇದನ್ನು ಹೇಳಿದರೆ ವಿದ್ಯಾರ್ಥಿಗಳು ನಗುತ್ತಾರೆ, ನಾವೂ ನಗುತ್ತಿದ್ದೆವು. ಆದರೆ ಈ ನಗೆಯಲ್ಲಿ ಒಂದು ಮೋಸವಿದೆ. ನಾಯಿಯನ್ನು ಸಂದೇಹಿಸಿದ ಅನಾಮಧೇಯನ ಹುಚ್ಚುಮಾತೂ ಲೌನ್ ಅವರ ಆಕ್ಷೇಪವೂ ಒಂದೇ ತಕ್ಕಡಿಗೆ ಬೀಳುತ್ತವೆ. ಲೌನ್ ಅವರ ಮುಖ್ಯ ಪ್ರಶ್ನೆ ಯಂತ್ರದ ಚಾತುರ್ಯವನ್ನು ಕುರಿತದ್ದಲ್ಲ. ಇದನ್ನು ಯಾವ ರೋಗಿಗೆ ಇಡುವುದು? ಹೃದಯದ ಅದಿರಾಟ ಪದೇ ಪದೇ ಬರುವ ವಿರಳ ರೋಗಿಗೆ ಆಸ್ಪತ್ರೆಯ ವಿಶೇಷ ವಿಭಾಗ, ತಕ್ಕ ಔಷಧ, ಇಲ್ಲವೆ ಹೃದಯಕ್ಕೆ ರಕ್ತವನ್ನೊದಗಿಸುವ ಶಸ್ತ್ರಕ್ರಿಯೆ ಹೆಚ್ಚು ಹಿತವಲ್ಲವೆ? ಅವರು ಕೇಳಿದ್ದು ಇದು. ಚಲಚ್ಚಿತ್ರವು ಎಷ್ಟೇ ಸ್ಪಷ್ಟವಾಗಿದ್ದರೂ ಈ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಯಂತ್ರವು ಅದಿರಾಟವನ್ನು ಗುರುತಿಸಬಲ್ಲದು, ನಿಲ್ಲಿಸಬಲ್ಲದು ಎಂಬಷ್ಟಕ್ಕೇ ಅದು ಪ್ರಮಾಣ. ಯಾರಿಗೆ ಅದಿರಾಟ ಬಂದೀತು, ಅದು ತಪ್ಪಿದರೆ ಅವರು ಎಷ್ಟು ಕಾಲ ಬದುಕಿಯಾರು ಎಂಬುದಕ್ಕೆ ಅದು ಪ್ರಮಾಣವಲ್ಲ.

ಲೌನ್ ಅವರನ್ನು ಪೂರ್ತಿಯಾಗಿ ಸಮರ್ಥಿಸಲು ನಾವು ಹೊರಟಿಲ್ಲ. ಅವರ ದೃಷ್ಟಿಗೆ ಒಂದು ಮಿತಿ ಇದ್ದಿತು. ಅದು ಅವರ ಅನುಭವದಿಂದಲೇ ಬಂದ ಮಿತಿ. ಹೃದಯಾಘಾತವಾದವರನ್ನು ಒಂದೇ ಕಡೆ ಇರಿಸಿ ಲಯವನ್ನು ಸದಾ ಗಮನಿಸುವ ವಿಭಾಗಗಳು ಆ ದಶಕದ ದೊಡ್ಡ ಸಾಧನೆ. ಅದರಲ್ಲಿ ಲೌನ್ ಅವರ ಪಾಲು ಹಿರಿದು. ಆದರೆ ಅಲ್ಲಿ ವೈದ್ಯನಿಗೆ ಕಾಣುವವನು ಆಸ್ಪತ್ರೆಯ ಬಾಗಿಲನ್ನು ಮುಟ್ಟಿದ ರೋಗಿ. ಬೀದಿಯಲ್ಲಿಯೋ ಮನೆಯ ಜಗಲಿಯಲ್ಲಿಯೋ ಕುಸಿದು ಬಿದ್ದವನು ಅವನ ಲೆಕ್ಕಕ್ಕೆ ಬರುವುದೇ ಇಲ್ಲ. ಹೆಲ್ಲರ್ ಅವರ ಸಾವನ್ನು ಕಂಡಿದ್ದ ಮಿರೋವ್ಸ್ಕಿಯವರಿಗೆ ಕಂಡಿದ್ದು ಈ ಎರಡನೆಯ ಮನುಷ್ಯ.

ಇನ್ನು ಔಷಧದ ಮಾತು. ಹೃತ್ಕುಕ್ಷಿಯಲ್ಲಿ ಆಗಾಗ ಹುಟ್ಟುವ ಅಕಾಲಿಕ ಮಿಡಿತಗಳು ಮಾರಕವಾದ ಅದಿರಾಟದ ಮುನ್ಸೂಚನೆ, ಅವನ್ನು ಅಡಗಿಸಿದರೆ ಸಾವನ್ನೂ ತಡೆದಂತೆ ಎಂಬ ನಂಬಿಕೆ ಆ ಕಾಲದಲ್ಲಿ ಬಲವಾಗಿತ್ತು. ಅಂಥ ಮಿಡಿತಗಳ ದರ್ಜೆಗಳನ್ನು ಗೊತ್ತುಪಡಿಸಿದ ಪಟ್ಟಿಗೆ ಲೌನ್ ಅವರ ಹೆಸರೇ ಇದೆ. ನಂಬಿಕೆ ಅವರೊಬ್ಬರದಲ್ಲ, ಬಹುಮಂದಿ ಹೃದ್ರೋಗತಜ್ಞರದು. ಅದನ್ನು ಪರೀಕ್ಷಿಸಲು ಅಮೆರಿಕದ ರಾಷ್ಟ್ರೀಯ ಹೃದಯ, ಶ್ವಾಸಕೋಶ ಮತ್ತು ರಕ್ತ ಸಂಸ್ಥೆಯ ಆಶ್ರಯದಲ್ಲಿ ೧೯೮೭ರಲ್ಲಿ ದೊಡ್ಡ ಪ್ರಯೋಗವೊಂದು ಆರಂಭವಾಯಿತು. ಆಂಗ್ಲ ಹೆಸರಿನ ಆದ್ಯಕ್ಷರಗಳಿಂದ ಅದು ‘ಕ್ಯಾಸ್ಟ್’ ಎಂದು ಪ್ರಸಿದ್ಧ. ನಮ್ಮ ಅಭಿಪ್ರಾಯದಲ್ಲಿ ಈ ಇಡೀ ಚರಿತ್ರೆಯಲ್ಲಿ ಇದಕ್ಕಿಂತ ಬೆಲೆಯುಳ್ಳ ದಾಖಲೆಯಿಲ್ಲ. ವಿಜಯಕಥೆಗಳಲ್ಲಿ ಇದಕ್ಕಿಂತ ಕಡಮೆ ಜಾಗ ಪಡೆದದ್ದೂ ಇಲ್ಲ.

ಪ್ರಯೋಗದ ರಚನೆ ಹೀಗಿತ್ತು. ಹೃದಯಾಘಾತದಿಂದ ಚೇತರಿಸಿಕೊಂಡು ಅಕಾಲಿಕ ಮಿಡಿತಗಳುಳ್ಳ ರೋಗಿಗಳಿಗೆ ಮೊದಲು ಎನ್‌ಕೈನೈಡ್, ಫ್ಲೆಕೈನೈಡ್, ಮೋರಿಸಿಜ಼ೀನ್ ಎಂಬ ಔಷಧಗಳಲ್ಲಿ ಒಂದನ್ನು ಕೊಟ್ಟು ನೋಡಿದರು. ಯಾರಲ್ಲಿ ಮಿಡಿತಗಳು ಅಡಗಿದುವೋ ಅವರನ್ನೇ ಮುಂದಕ್ಕೆ ಆರಿಸಿಕೊಂಡರು. ಎಂದರೆ ಔಷಧವು ಫಲಿಸಿತೆಂದು ಯಾವ ವೈದ್ಯನಾದರೂ ಒಪ್ಪುವಂಥವರನ್ನು. ಆಮೇಲೆ ಚೀಟಿ ಎತ್ತಿದಂತೆ ಅವರನ್ನು ಎರಡಾಗಿ ವಿಂಗಡಿಸಿ, ಒಂದು ಗುಂಪಿಗೆ ಅದೇ ಔಷಧವನ್ನೂ ಇನ್ನೊಂದಕ್ಕೆ ಔಷಧವಿಲ್ಲದ ಹುಸಿಗುಳಿಗೆಯನ್ನೂ ಕೊಟ್ಟರು. ಫಲಕಾರಿಯೆಂದು ಗೊತ್ತಿರುವ ಔಷಧವನ್ನು ಅರ್ಧ ಜನಕ್ಕೆ ತಪ್ಪಿಸುವುದು ಅನ್ಯಾಯವೆಂದು ಭಾವಿಸಿದ ವೈದ್ಯರೂ ಇದ್ದರು. ೧೯೮೯ರ ಏಪ್ರಿಲಿನಲ್ಲಿ ಮೊದಲೆರಡು ಔಷಧಗಳ ಪ್ರಯೋಗವನ್ನು ನಡುವೆಯೇ ನಿಲ್ಲಿಸಬೇಕಾಯಿತು. ೧೯೯೧ರ ವರದಿಯ ಪ್ರಕಾರ, ಸರಾಸರಿ ಹತ್ತು ತಿಂಗಳಲ್ಲಿ, ಔಷಧ ಪಡೆದ ೭೫೫ ಮಂದಿಯಲ್ಲಿ ೬೩ ಮಂದಿ ಸತ್ತಿದ್ದರು. ಹುಸಿಗುಳಿಗೆ ಪಡೆದ ೭೪೩ ಮಂದಿಯಲ್ಲಿ ೨೬ ಮಂದಿ. ಲಯದೋಷದಿಂದಲೇ ಆದ ಸಾವುಗಳು ಔಷಧದ ಗುಂಪಿನಲ್ಲಿ ೪೩, ಇನ್ನೊಂದರಲ್ಲಿ ೧೬. ವಿದ್ಯುಲ್ಲೇಖವು ಶುದ್ಧವಾಗಿತ್ತು, ಮನುಷ್ಯರು ಸಾಯುತ್ತಿದ್ದರು. ಹತ್ತಿಪ್ಪತ್ತು ರೋಗಿಗಳನ್ನು ನೋಡುವ ವೈದ್ಯನೊಬ್ಬನಿಗೆ ಇದು ಕಾಣುವ ಸಂಭವವೇ ಇರಲಿಲ್ಲ. ಹೃದ್ರೋಗಿಗಳು ಹೇಗೂ ಸಾಯುತ್ತಾರೆ. ಯಾವ ಸಾವು ಔಷಧದ್ದು ಎಂದು ಯಾರು ಹೇಳಬಲ್ಲರು?

ಲೌನ್ ಅವರ ಪ್ರಶ್ನೆ ಸರಿಯಾಗಿದ್ದರೂ ಯಂತ್ರಕ್ಕೆ ಬದಲಾಗಿ ಅವರ ಕಾಲವು ನೆಚ್ಚಿದ್ದ ಉತ್ತರ ಈ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಕ್ಯಾಸ್ಟ್ ಪರೀಕ್ಷಿಸಿದ ಔಷಧಗಳು ಲೌನ್ ಅವರು ೧೯೭೨ರಲ್ಲಿ ಬಳಸುತ್ತಿದ್ದುವಲ್ಲ ಎಂಬುದನ್ನು ನ್ಯಾಯದೃಷ್ಟಿಯಿಂದ ಹೇಳಲೇಬೇಕು. ಆದರೆ ಲಕ್ಷಣವನ್ನು ಅಡಗಿಸುವುದೇ ರೋಗಿಯನ್ನು ಉಳಿಸುವುದೆಂಬ ತರ್ಕ ಒಂದೇ.

ಯಂತ್ರವಾದರೋ ಇಂಥ ಪರೀಕ್ಷೆಗೆ ಒಳಗಾಗದೆಯೇ ಅಷ್ಟರಲ್ಲಿ ಅಂಗೀಕಾರವನ್ನು ಪಡೆದಿತ್ತು. ೧೯೮೦ರ ಫೆಬ್ರುವರಿ ೪ರಂದು ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಲೀವೈ ವಾಟ್ಕಿನ್ಸ್ ಅವರು ಮೊದಲ ಬಾರಿಗೆ ಮಹಿಳೆಯೊಬ್ಬರಿಗೆ ಅದನ್ನು ಅಳವಡಿಸಿದರು. ಅದೇ ಆಗಸ್ಟಿನಲ್ಲಿ ಪ್ರಕಟವಾದ ಮಿರೋವ್ಸ್ಕಿಯವರ ವರದಿ ಮೂವರು ರೋಗಿಗಳನ್ನು ಕುರಿತದ್ದು. ಆ ಮೊದಲ ದಿನಗಳಲ್ಲಿ ಎರಡು ಬಾರಿಯಾದರೂ ಹೃದಯಸ್ತಂಭನವಾಗಿ ಬದುಕಿ ಉಳಿದವರನ್ನೇ ಆಯ್ದುಕೊಳ್ಳುತ್ತಿದ್ದರು. ಈ ಶರತ್ತನ್ನು ಓದುವಾಗ, ಯಾವ ರೋಗಿಗೆ ಎಂಬ ಪ್ರಶ್ನೆಯ ತೂಕವನ್ನು ಮಿರೋವ್ಸ್ಕಿಯವರು ತಮ್ಮ ಹೊಗಳುಭಟರಿಗಿಂತ ಚೆನ್ನಾಗಿ ಅರಿತಿದ್ದರೆಂದೇ ನಮಗೆ ತೋರುತ್ತದೆ. ೧೯೮೫ರಲ್ಲಿ ಅಮೆರಿಕದ ಸರ್ಕಾರಿ ಮನ್ನಣೆ ದೊರೆಯಿತು. ೧೯೯೦ರಲ್ಲಿ ಅವರು ತೀರಿಕೊಂಡಾಗ, ಗುಂಪುಗಳನ್ನು ಯದೃಚ್ಛೆಯಿಂದ ವಿಂಗಡಿಸಿ ಯಂತ್ರವನ್ನು ಪರೀಕ್ಷಿಸಿದ ದೊಡ್ಡ ಪ್ರಯೋಗ ಯಾವುದೂ ಮುಗಿದಿರಲಿಲ್ಲ.

ಕಳೆದ ವರ್ಷ ಈ ಭಾಗವನ್ನು ಹೇಳಿ ಮುಗಿಸಿದಾಗ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, “ಸರ್, ನಮ್ಮ ತಂದೆಯವರ ಎದೆಯಲ್ಲಿ ಆರು ವರ್ಷದಿಂದ ಈ ಯಂತ್ರ ಇದೆ. ಅದು ಒಂದು ಸಲವೂ ಆಘಾತ ಕೊಟ್ಟಿಲ್ಲ. ಅವರನ್ನು ಅದು ಉಳಿಸಿದೆ ಅನ್ನಬೇಕೋ, ಇಲ್ಲ ಅನ್ನಬೇಕೋ?” ಎಂದು ಕೇಳಿದಳು. ನಾಯಿಯ ಚಿತ್ರದಿಂದ ಇದಕ್ಕೆ ಉತ್ತರ ಕೊಡುವಂತಿರಲಿಲ್ಲ. ಮರುವಾರ ಹೇಳುವೆವೆಂದು ತಪ್ಪಿಸಿಕೊಂಡೆವು. ಆ ವಾರದಲ್ಲಿ ಓದಿದ್ದೇ ಈ ಲೇಖನಕ್ಕೆ ಮೂಲ.

೧೯೯೬ರಲ್ಲಿ ಪ್ರಕಟವಾದ ‘ಮ್ಯಾಡಿಟ್’ ಪ್ರಯೋಗದಲ್ಲಿ ಯಂತ್ರ ಪಡೆದ ೯೫ ಮಂದಿಯಲ್ಲಿ ೧೫, ಸಾಮಾನ್ಯ ಚಿಕಿತ್ಸೆ ಪಡೆದ ೧೦೧ ಮಂದಿಯಲ್ಲಿ ೩೯ ಮಂದಿ ಸತ್ತರು. ಮರುವರ್ಷದ ‘ಏವಿಡ್’ ಪ್ರಯೋಗದಲ್ಲಿ, ಮಾರಕ ಲಯದೋಷದಿಂದ ಒಮ್ಮೆ ಪಾರಾದ ೧೦೧೬ ಮಂದಿಯಲ್ಲಿ, ಮೂರು ವರ್ಷಗಳ ಮೇಲೆ ಬದುಕುಳಿದವರು ಯಂತ್ರದ ಗುಂಪಿನಲ್ಲಿ ಶೇಕಡ ೭೫.೪, ಔಷಧದ ಗುಂಪಿನಲ್ಲಿ ಶೇಕಡ ೬೪.೧. ಹೆಲ್ಲರ್ ಅವರಂಥ ರೋಗಿಗಳ ವಿಷಯದಲ್ಲಿ ಮಿರೋವ್ಸ್ಕಿಯವರೇ ಸರಿ ಎಂಬುದರಲ್ಲಿ ಇನ್ನು ಸಂದೇಹವಿಲ್ಲ. ವಿಜಯಕಥೆಯು ಇಲ್ಲಿಗೆ ನಿಲ್ಲುತ್ತದೆ, ದಾಖಲೆಗಳು ನಿಲ್ಲುವುದಿಲ್ಲ. ಏವಿಡ್ ಪ್ರಕಟವಾದ ವರ್ಷವೇ, ಹೃದಯದ ರಕ್ತನಾಳಗಳ ಶಸ್ತ್ರಕ್ರಿಯೆಯ ಕಾಲದಲ್ಲಿ ಯಂತ್ರವನ್ನೂ ಇಟ್ಟು ನೋಡಿದ ೯೦೦ ರೋಗಿಗಳ ಪ್ರಯೋಗ ಹೊರಬಂದಿತು. ಯಂತ್ರದ ಗುಂಪಿನಲ್ಲಿ ೧೦೧ ಸಾವು, ಯಂತ್ರವಿಲ್ಲದವರಲ್ಲಿ ೯೫. ಶಸ್ತ್ರಕ್ರಿಯೆಯನ್ನು ಕುರಿತು ಲೌನ್ ಅವರು ಆಡಿದ್ದ ಮಾತನ್ನು ಇಲ್ಲಿ ನೆನೆಯದಿರುವುದು ಅನ್ಯಾಯವಾದೀತು.

ಇದಕ್ಕಿಂತ ವಿಚಿತ್ರವಾದುದು ೨೦೦೪ರ ‘ಡಿನಾಮಿಟ್’. ಹೃದಯಾಘಾತವಾದ ಕೆಲವೇ ದಿನಗಳಲ್ಲಿ ೩೩೨ ಮಂದಿಗೆ ಯಂತ್ರವನ್ನು ಇಟ್ಟು, ೩೪೨ ಮಂದಿಗೆ ಇಡದೆ ಹೋಲಿಸಿದರು. ಲಯದೋಷದ ಸಾವುಗಳು ಯಂತ್ರದ ಗುಂಪಿನಲ್ಲಿ ೧೨, ಇನ್ನೊಂದರಲ್ಲಿ ೨೯. ಯಂತ್ರವು ತನ್ನ ಕೆಲಸವನ್ನು ನಿಷ್ಠೆಯಿಂದ ಮಾಡಿತ್ತು. ಆದರೆ ಬೇರೆ ಕಾರಣಗಳ ಸಾವುಗಳು ಕ್ರಮವಾಗಿ ೫೦ ಮತ್ತು ೨೯. ಒಟ್ಟು ಲೆಕ್ಕದಲ್ಲಿ ೬೨ ಮತ್ತು ೫೮. ಸಾವಿನ ಬಗೆ ಬದಲಾಯಿತು, ಸಂಖ್ಯೆ ಇಳಿಯಲಿಲ್ಲ. ಆಘಾತಗಳನ್ನು ಮಾತ್ರ ಎಣಿಸಿದ್ದರೆ ಈ ಯಂತ್ರವನ್ನು ಜಯಶಾಲಿಯೆಂದೇ ಸಾರಬೇಕಾಗುತ್ತಿತ್ತು.

೨೦೧೬ರಲ್ಲಿ ಡೆನ್ಮಾರ್ಕಿನಿಂದ ಬಂದ ವರದಿಯಲ್ಲಿಯೂ, ರಕ್ತನಾಳದ ರೋಗದಿಂದಲ್ಲದೆ ಹೃದಯ ದುರ್ಬಲವಾದವರ ಪೈಕಿ, ಯಂತ್ರವು ಹಠಾತ್ ಮರಣವನ್ನು ಅರ್ಧದಷ್ಟಕ್ಕೆ ಇಳಿಸಿತು. ಒಟ್ಟು ಸಾವುಗಳಾದರೋ ೫೫೬ ಮಂದಿಯಲ್ಲಿ ೧೨೦, ಯಂತ್ರವಿಲ್ಲದ ೫೬೦ ಮಂದಿಯಲ್ಲಿ ೧೩೧. ಪ್ರಯೋಗ ನಡೆಸಿದವರು ಈ ಅಂತರವನ್ನು ನಿರ್ಣಾಯಕವೆಂದು ಎಣಿಸಲಿಲ್ಲ. ಅನವಶ್ಯಕ ಆಘಾತದ ನೋವೂ ಲೆಕ್ಕಕ್ಕೆ ಬರಬೇಕು: ೨೦೦೨ರ ಎರಡನೆಯ ಮ್ಯಾಡಿಟ್ ಪ್ರಯೋಗದಲ್ಲಿ ಯಂತ್ರವು ಒಟ್ಟಿನಲ್ಲಿ ಸಾವನ್ನು ಕಡಮೆ ಮಾಡಿದ್ದು ನಿಜವಾದರೂ, ಅದನ್ನು ಪಡೆದ ೭೧೯ ಮಂದಿಯಲ್ಲಿ ೮೩ ಮಂದಿಗೆ ಬೇಡದ ಹೊತ್ತಿನಲ್ಲಿ ಆಘಾತವಾಗಿತ್ತೆಂದು ಆಮೇಲಿನ ಪರಿಶೀಲನೆಯಿಂದ ತಿಳಿಯಿತು.

ವಿದ್ಯಾರ್ಥಿನಿಗೆ ಮರುವಾರ ಈ ಅಂಕಿಗಳನ್ನೆಲ್ಲ ಕಪ್ಪುಹಲಗೆಯ ಮೇಲೆ ಬರೆದು ತೋರಿಸಿದೆವು. ಆಕೆಯ ತಂದೆಯಂಥ ನೂರು ಮಂದಿಯ ವಿಷಯದಲ್ಲಿ ಹೇಳಬಹುದೇ ಹೊರತು ಆತನೊಬ್ಬನ ವಿಷಯದಲ್ಲಿ ಹೇಳುವುದು ಸಾಧ್ಯವಿಲ್ಲವೆಂದು ಒಪ್ಪಿಕೊಂಡೆವು. ಆಕೆಗೆ ಅದರಿಂದ ಸಮಾಧಾನವಾದಂತೆ ಕಾಣಲಿಲ್ಲ. ಈ ವರ್ಷದ ಪಾಠದಲ್ಲಿ ನಾಯಿಯ ಚಿತ್ರವನ್ನು ಬಿಟ್ಟಿಲ್ಲ. ಅದಕ್ಕೆ ಮೊದಲು ೧೯೭೨ರ ಸಂಪಾದಕೀಯವನ್ನೂ, ಅದರ ನಂತರ ಕ್ಯಾಸ್ಟ್ ವರದಿಯ ಸಾವಿನ ಪಟ್ಟಿಯನ್ನೂ ವಿದ್ಯಾರ್ಥಿಗಳ ಕೈಗೆ ಕೊಡುತ್ತಿದ್ದೇವೆ.